ಬರೆ ಕುಸಿದ ಊರಿನ ಕಥೆಯನ್ನು ಯಾರು ಆಡಬೇಕು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಕೊಡಗಿನವು (‘ಬರೆ’ ಎಂದರೆ ಇಲ್ಲಿ ಗುಡ್ಡದ ಇಳಿಜಾರು); ಊರಿನವರೇ ಸೇರಿ ತಮ್ಮ ಕಷ್ಟವನ್ನು ಹಾಡು, ಕುಣಿತ, ನಾಟಕಗಳಲ್ಲಿ ಹೇಳಿಕೊಳ್ಳುವ ಕೆಲಸವನ್ನು ಕುರಿತವು. ಬರೆದವರಲ್ಲಿ ಮೂವರು ಹೆಸರು ಹಾಕಬೇಡಿ ಎಂದು ಕೇಳಿರುವುದರಿಂದ ಉಳಿದಿಬ್ಬರ ಹೆಸರನ್ನೂ ಕೈಬಿಟ್ಟಿದ್ದೇನೆ.

ಪ್ರಶ್ನೆ: ಇತ್ತೀಚೆಗೆ ಶಿಕ್ಷಕರ ತರಬೇತಿಯೊಂದರಲ್ಲಿ ‘ಸಮುದಾಯ ಆಧಾರಿತ ಬಹುಶಿಸ್ತೀಯ ಪ್ರದರ್ಶನ ಕಲೆ’ ಎಂಬ ಮಾತನ್ನು ಕೇಳಿದೆ. ನಾಟಕ, ಹಾಡು, ಕುಣಿತ, ಚಿತ್ರ ಎಲ್ಲವನ್ನೂ ಬೆರೆಸಿ ಊರಿನವರೇ ಆಡುವುದು, ಅದರಿಂದ ಸಾಮಾಜಿಕ ನ್ಯಾಯದ ಕೆಲಸವೂ ಆಗುತ್ತದೆ, ನೊಂದ ಮನಸ್ಸು ಗುಣವೂ ಆಗುತ್ತದೆ ಎಂದರು. ಸಾಕ್ಷರತಾ ಆಂದೋಲನದ ಕಾಲದಲ್ಲಿ ನಾವು ಆಡುತ್ತಿದ್ದ ಬೀದಿ ನಾಟಕಕ್ಕೆ ಇದು ಹೊಸ ಹೆಸರಷ್ಟೇ ಅಲ್ಲವೇ? (ಪ್ರೌಢಶಾಲಾ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು)

ಉತ್ತರ: ಹೆಸರು ಭಾರವಾಯಿತು ಎಂಬ ನಿಮ್ಮ ಅಸಮಾಧಾನ ನನ್ನದೂ ಹೌದು. ಒಂದೇ ರಾತ್ರಿಯ ತೆರೆಯಲ್ಲಿ (ದೈವದ ಕುಣಿತದ ಆರಾಧನೆಯಲ್ಲಿ) ಮುಖದ ಬಣ್ಣ, ಚೆಂಡೆ, ಕುಣಿತ, ಹಾಡು, ಬೆಂಕಿ, ದೈವದ ನುಡಿ ಎಲ್ಲವನ್ನೂ ಒಟ್ಟಿಗೆ ನೋಡುತ್ತಾ ಬೆಳೆದವರಿಗೆ ‘ಬಹುಶಿಸ್ತೀಯ’ ಎಂಬ ಪದ ಹೊಸದೇನನ್ನೂ ಹೇಳುವುದಿಲ್ಲ. ಆದರೆ ಬೀದಿ ನಾಟಕಕ್ಕೂ ಇದಕ್ಕೂ ನಡುವೆ ಒಂದು ವ್ಯತ್ಯಾಸವಿದೆ, ಮತ್ತು ಅದು ಹೆಸರಿನ ವ್ಯತ್ಯಾಸವಲ್ಲ. ಬೀದಿ ನಾಟಕ ಆಡುವಾಗ ಉತ್ತರ ನಮ್ಮ ಜೋಳಿಗೆಯಲ್ಲಿ ಸಿದ್ಧವಾಗಿರುತ್ತಿತ್ತು. ಓದು ಕಲಿಯಿರಿ, ಹೆಂಡ ಬಿಡಿರಿ, ಸಂಘಟಿತರಾಗಿರಿ ಎಂದು ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದೆವು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆಯು ಜಾಥಾಗಳ ಮೂಲಕ ಹಳ್ಳಿ ಹಳ್ಳಿಗೆ ನಾಟಕವನ್ನು ಒಯ್ದು ಮಾಡಿದ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆ ಪರಂಪರೆಯಲ್ಲಿ ಬೆಳೆಯದೇ ಇದ್ದಿದ್ದರೆ ಈ ಉತ್ತರ ಬರೆಯುವ ಯೋಗ್ಯತೆಯೂ ನನಗೆ ಬರುತ್ತಿರಲಿಲ್ಲ.

ಬ್ರೆಜಿಲ್ ದೇಶದ ನಾಟಕಕಾರ ಅಗಸ್ಟೋ ಬೋಲ್ ತಮ್ಮ ಬದುಕಿನ ಪ್ರಸಂಗವೊಂದನ್ನು ಹೇಳಿಕೊಂಡಿದ್ದಾರೆ. ಬಡ ರೈತರ ಊರಿನಲ್ಲಿ ಅವರ ತಂಡ ನಾಟಕವಾಡಿ, ಕೊನೆಗೆ ಬಂದೂಕುಗಳನ್ನೆತ್ತಿ, ನೆಲಕ್ಕಾಗಿ ನೆತ್ತರು ಹರಿಸಬೇಕೆಂದು ಹಾಡಿತು. ವಿರ್ಜಿಲಿಯೋ ಎಂಬ ರೈತ ಕಣ್ಣೀರು ತುಂಬಿ ಬಂದು, ನೀವೂ ನಿಮ್ಮ ಬಂದೂಕು ತನ್ನಿ, ಇಂದೇ ಜಮೀನ್ದಾರನ ಆಳುಗಳನ್ನು ಎದುರಿಸೋಣ ಎಂದು ಕರೆದ. ಬಂದೂಕು ಆಟದ್ದೆಂದೂ, ತಾವು ಕಲಾವಿದರೇ ಹೊರತು ರೈತರಲ್ಲವೆಂದೂ ತಂಡದವರು ತಡವರಿಸಿದಾಗ, ಹಾಗಾದರೆ ನೀವು ಹಾಡಿದ್ದು ನಮ್ಮ ನೆತ್ತರಿನ ಬಗ್ಗೆ, ನಿಮ್ಮದರ ಬಗ್ಗೆ ಅಲ್ಲ ಎಂದು ಅವನು ಅರ್ಥ ಮಾಡಿಕೊಂಡ. ಆ ನಾಚಿಕೆಯಿಂದ ಬೋಲ್ ಉಪದೇಶದ ನಾಟಕವನ್ನೇ ಬಿಟ್ಟರು. ಮುಂದೆ, ಬ್ರೆಜಿಲಿನ ಸೈನಿಕ ಸರ್ಕಾರ ಅವರನ್ನು 1971ರಲ್ಲಿ ಬಂಧಿಸಿ ಹಿಂಸಿಸಿದ ಬಳಿಕ ದೇಶ ಬಿಟ್ಟು ಬದುಕುತ್ತಿದ್ದಾಗ, 1973ರಲ್ಲಿ ಪೆರು ದೇಶದ ಒಂದು ಪ್ರದರ್ಶನದಲ್ಲಿ ಪ್ರೇಕ್ಷಕರ ನಡುವಿನ ಹೆಂಗಸೊಬ್ಬಳು ತಾನು ಹೇಳಿದ್ದನ್ನು ನಟಿಯರು ಸರಿಯಾಗಿ ಆಡುತ್ತಿಲ್ಲವೆಂದು ಸಿಟ್ಟಾಗಿ ತಾನೇ ರಂಗಕ್ಕೆ ಹತ್ತಿ ಆಡಿ ತೋರಿಸಿದಳು. ನೋಡುವವರು ಎದ್ದು ಬಂದು ನಾಟಕದ ದಾರಿ ಬದಲಿಸಬಹುದಾದ ‘ವೇದಿಕೆ ರಂಗಭೂಮಿ’ ಎಂಬ ಕ್ರಮ ಬೆಳೆದದ್ದು ಅಲ್ಲಿಂದ. ನಿಮ್ಮ ಶಾಲೆಯಲ್ಲಿ ಇದನ್ನು ಮಾಡಲು ತರಬೇತಿಯ ಪ್ರಮಾಣಪತ್ರ ಬೇಕಿಲ್ಲ. ಮಕ್ಕಳು ನಿಮ್ಮ ಉತ್ತರವನ್ನು ತಿದ್ದಿದಾಗ ಬೇಸರಪಡದಿರುವ ತಾಳ್ಮೆ ಬೇಕು, ಅಷ್ಟೇ.

ಪ್ರಶ್ನೆ: ನಮ್ಮದು ಮಕ್ಕಂದೂರು ಕಡೆಯ ಯುವಕ–ಯುವತಿಯರ ತಂಡ. 2018ರ ಆಗಸ್ಟಿನಲ್ಲಿ ಬರೆ ಕುಸಿದು ಮನೆ, ತೋಟ, ಗದ್ದೆ ಕಳೆದುಕೊಂಡವರ ಕಥೆಗಳನ್ನು ಸಂಗ್ರಹಿಸಿ, ಆ ದಿನದ ನೆನಪಿಗೆ ಮುಂದಿನ ಆಗಸ್ಟಿನಲ್ಲಿ ಒಂದು ಪ್ರದರ್ಶನ ಮಾಡಬೇಕೆಂದಿದ್ದೇವೆ. ಮಾಯುತ್ತಿರುವ ಗಾಯವನ್ನು ಯಾಕೆ ಕೆದಕುತ್ತೀರಿ ಎಂದು ಹಿರಿಯರು ಒಪ್ಪುತ್ತಿಲ್ಲ. ಮಾತನಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ನಾವು ನಂಬಿದ್ದೇವೆ. ಯಾರದು ಸರಿ?

ಉತ್ತರ: ಹಿರಿಯರ ಮಾತನ್ನು ಅಡ್ಡಿಯೆಂದು ತಿಳಿಯದೆ ಒಂದು ಸಲಹೆಯೆಂದು ತೆಗೆದುಕೊಳ್ಳಿರಿ. ಇದನ್ನು ಹೇಳಲು ನನಗೆ ನನ್ನದೇ ಕಾರಣವಿದೆ.

ಆ ವರ್ಷ ಪರಿಹಾರ ಕೇಂದ್ರವೊಂದರಲ್ಲಿ ನಾವು ನಾಲ್ಕೈದು ಮಂದಿ ಮೂರನೆಯ ವಾರದಲ್ಲಿಯೇ ನಾಟಕ ಕಟ್ಟಲು ಕುಳಿತೆವು. ಒಬ್ಬ ಅಜ್ಜಿ, ಮನೆ ಬಿಟ್ಟು ಓಡುವಾಗ ಕೊಟ್ಟಿಗೆಯ ಹಸುಗಳ ಹಗ್ಗ ಬಿಚ್ಚಿದ್ದನ್ನೂ, ಒಂದರ ಗಂಟು ಮಾತ್ರ ಮಳೆಗೆ ಬಿಗಿದು ಬಿಚ್ಚಲಾಗದೇ ಹೋದದ್ದನ್ನೂ ನನಗೆ ಹೇಳಿದ್ದರು. ರಂಗದ ಮೇಲೆ ಇದಕ್ಕಿಂತ ಬಲವಾದ ದೃಶ್ಯ ಇನ್ನೊಂದಿಲ್ಲ ಎಂದು ನನಗೆ ತೋರಿತು; ಅದನ್ನೇ ನಾಟಕದ ಕೊನೆಯಾಗಿ ಇಟ್ಟೆವು. ಹೊರಗಿನಿಂದ ಬಂದ ಅತಿಥಿಗಳು ಕಣ್ಣೊರೆಸಿಕೊಂಡರು. ಅಜ್ಜಿ ದೃಶ್ಯದ ಮಧ್ಯದಲ್ಲಿಯೇ ಎದ್ದು ಹೋದರು. ಮರುದಿನ ನಾನು ಮಾತನಾಡಿಸಲು ಹೋದಾಗ ಅವರು ಕೇಳಿದ್ದು ಒಂದೇ: ಆ ಹಸುವನ್ನು ನೀವು ಮತ್ತೆ ಯಾಕೆ ಕಟ್ಟಿದಿರಿ ಎಂದು. ಅವರ ಅನುಮತಿ ಕೇಳಿದ್ದೆನೇ ಎಂದರೆ, ಹೌದು, ಕೇಳಿದ್ದೆ. ಆದರೆ ಅನ್ನ, ಬಟ್ಟೆ, ಹಾಸಿಗೆ ಎಲ್ಲವನ್ನೂ ಬೇರೆಯವರ ಕೈಯಿಂದ ಪಡೆಯುತ್ತಿದ್ದ ಆ ದಿನಗಳಲ್ಲಿ ಅವರು ಬೇಡವೆನ್ನುವ ಸ್ಥಿತಿಯಲ್ಲಿದ್ದರೇ ಎಂದು ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಮಾತನಾಡಿದರೆ ಹಗುರಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಆಘಾತವಾದ ಕೂಡಲೇ ಜನರನ್ನು ಒಂದೇ ಬೈಠಕ್ಕಿನಲ್ಲಿ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಕ್ರಮವನ್ನು ಹಿಂದೆ ಹಲವು ದೇಶಗಳಲ್ಲಿ ನಡೆಸುತ್ತಿದ್ದರು. ಅದರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಮುಂದಿನ ಮಾನಸಿಕ ತೊಂದರೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕನ್ನೂ ಮಾಡಬಹುದು ಎಂದು ತಿಳಿದುಬಂತು. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಂದಿಗೆ ಸೇರಿ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು, ಹೇಳಬಯಸಿದವರ ಮಾತನ್ನು ಕೇಳಿರಿ, ಹೇಳಬಯಸದವರನ್ನು ಒತ್ತಾಯಿಸಬೇಡಿರಿ ಎಂದೇ ತಿಳಿಸುತ್ತದೆ. ಈಗ ವರ್ಷಗಳು ಕಳೆದಿವೆ, ಆದ್ದರಿಂದ ಪರಿಸ್ಥಿತಿ ಬೇರೆ. ಆದರೂ ಮಳೆಯ ಸದ್ದಿಗೆ ಇಂದಿಗೂ ನಿದ್ದೆಗೆಡುವವರು ನಿಮ್ಮ ಊರಿನಲ್ಲಿದ್ದಾರೆ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಾಗಿದ್ದರೂ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಸಾವಿನ ಮನೆಯಲ್ಲಿ ದುಡಿ ಹಿಡಿದು, ಸತ್ತವರ ಬದುಕನ್ನು ಚಾವು ಪಾಟ್ ಆಗಿ ಹಾಡುವ ಪದ್ಧತಿ ಕೊಡವರಲ್ಲಿದೆ; ಕಾರೋಣರಿಗೆ (ಗತಿಸಿದ ಕುಲದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಟ್ಟು ನೆನೆಯುವ ಪದ್ಧತಿಯಿದೆ. ನೆನಪು ಬೇಡವೆಂದು ನಿಮ್ಮ ಹಿರಿಯರು ಹೇಳುತ್ತಿಲ್ಲ. ನೆನಪಿಗೆ ಒಂದು ಹೊತ್ತು, ಒಂದು ಜಾಗ, ಒಂದು ಕ್ರಮ ಬೇಕೆನ್ನುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಆಗಸ್ಟಿನ ಮಧ್ಯದಲ್ಲಿ, ಮಳೆಗಾಲದ ಕಕ್ಕಡ ತಿಂಗಳು ಕಳೆದರೂ ಮಳೆ ಬಿಡದಿರುವಾಗ, ಎಲ್ಲರ ಕಿವಿಯೂ ಬರೆಯ ಕಡೆಗೇ ಇರುವ ಸಂಜೆಯಲ್ಲಿ ಕುಸಿತದ ಸದ್ದನ್ನು ಡೋಲಿನಲ್ಲಿ ಬಾರಿಸಿ ತೋರಿಸುವುದು ಕ್ರೂರವಾದೀತು. ಪುತ್ತರಿ ಹಬ್ಬ ಕಳೆದ ಮೇಲೆ, ಕೊಯ್ಲು ಮುಗಿದು ಆಕಾಶ ತಿಳಿಯಾಗಿರುವಾಗ ಮಾಡಿರಿ.

ಇನ್ನು ಏನನ್ನು ಆಡುವುದು? ದುರಂತವನ್ನು ಮರಳಿ ಆಡುವುದಕ್ಕಿಂತ ದುರಂತ ಕಸಿದುಕೊಂಡ ಜಾಗವನ್ನು ಮರಳಿ ಪಡೆಯುವ ಬಗೆಯನ್ನು ಯೋಚಿಸಿರಿ. ಅಮೆರಿಕದ ನೃತ್ಯಗಾರ್ತಿ ಆನಾ ಹಾಲ್ಪ್ರಿನ್ ಅವರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಊರಿನ ಪಕ್ಕದ ಟಮಾಲ್ಪೈಸ್ ಬೆಟ್ಟದ ಕಾಲುದಾರಿಗಳಲ್ಲಿ ಸರಣಿ ಕೊಲೆಗಳು ನಡೆದು, ಜನ ಬೆಟ್ಟ ಹತ್ತುವುದನ್ನೇ ನಿಲ್ಲಿಸಿದ್ದರು. 1981ರಲ್ಲಿ ಅವರು ಊರಿನವರನ್ನು ಸೇರಿಸಿ ನೃತ್ಯವೊಂದನ್ನು ರೂಪಿಸಿ, ಎಲ್ಲರೊಂದಿಗೆ ಆ ಬೆಟ್ಟದ ದಾರಿಯಲ್ಲಿ ನಡೆದರು. ಕೊಲೆಗಳನ್ನು ಅಭಿನಯಿಸುವುದು ಅವರ ಉದ್ದೇಶವಾಗಿರಲಿಲ್ಲ. ಹೆದರಿದ್ದ ಕಾಲುಗಳಿಗೆ ದಾರಿಯನ್ನು ಮರಳಿ ಪರಿಚಯಿಸುವುದಾಗಿತ್ತು. ಕೆಲವೇ ವಾರಗಳಲ್ಲಿ ಕೊಲೆಗಾರ ಸಿಕ್ಕಿಬಿದ್ದ. ಅದು ಪೊಲೀಸರ ಕೆಲಸ, ನೃತ್ಯದ ಮಹಿಮೆಯೆಂದು ನಾನು ಹೇಳಲಾರೆ. ಆದರೆ ಆ ನೃತ್ಯ ಮುಂದೆಯೂ ವರ್ಷವರ್ಷ ನಡೆದುಕೊಂಡು ಬಂದಿತು.

ಜಂಬೂರು, ಮದೆನಾಡು, ಕರ್ಣಂಗೇರಿಗಳ ಹೊಸ ಬಡಾವಣೆಗಳಿಗೆ ಹೋದವರು ತಮ್ಮ ಹಳೆಯ ಊರಿಗೆ ಒಮ್ಮೆ ಒಟ್ಟಾಗಿ ನಡೆದು ಬರುವುದು, ಮನೆಯಿದ್ದ ಜಾಗದಲ್ಲಿ ಆ ಮನೆಯವರೇ ತಮಗೆ ಬೇಕಾದ ಒಂದು ಮಾತನ್ನೋ ಹಾಡನ್ನೋ ಹೇಳುವುದು, ಬಯಸದವರು ಮೌನವಾಗಿ ಒಂದು ಗಿಡ ನೆಡುವುದು: ಪ್ರದರ್ಶನವೆಂದರೆ ಇಷ್ಟೇ ಆಗಿರಬಹುದು. ನೆಲ ಸುರಕ್ಷಿತವೇ ಎಂದು ಮೊದಲು ವಿಚಾರಿಸಿಕೊಳ್ಳಿ. ಅಲ್ಲಿ ಕೊಡವ ತಕ್ಕ್ ಕೇಳಿಸಲಿ, ಅರೆಭಾಷೆ ಕೇಳಿಸಲಿ, ತುಳು, ಮಲಯಾಳಗಳೂ ಕೇಳಿಸಲಿ. ದುಃಖವನ್ನು ಶಿಷ್ಟ ಕನ್ನಡಕ್ಕೆ ಅನುವಾದಿಸಿ ಹೇಳಬೇಕೆಂಬ ನಿಯಮವೇನೂ ಇಲ್ಲ. ತೋಟದ ಮಾಲೀಕರ ಕಥೆಯ ಜೊತೆಗೆ ಅದೇ ತೋಟದ ಲೈನ್ ಮನೆಯಲ್ಲಿದ್ದ ಕೂಲಿಕಾರರ ಕಥೆಯೂ ಬರಲಿ. ಜಾಗ ತಮ್ಮ ಹೆಸರಿನಲ್ಲಿ ಇಲ್ಲದವರು ಪರಿಹಾರ ಕೇಳುವಾಗ ಯಾವ ಕಾಗದ ತೋರಿಸಬೇಕು ಎಂಬ ಪ್ರಶ್ನೆಯಿಂದಲೇ ನ್ಯಾಯದ ಮಾತು ಆರಂಭವಾಗುತ್ತದೆ. ಕಥೆ ಕೊಟ್ಟವರು ಪ್ರದರ್ಶನದ ಹಿಂದಿನ ರಾತ್ರಿಯೂ ಅದನ್ನು ಹಿಂದಕ್ಕೆ ಪಡೆಯಬಹುದೆಂದು ಮೊದಲೇ ತಿಳಿಸಿ, ಹಾಗೆ ಪಡೆದರೆ ಕಾರಣ ಕೇಳಬೇಡಿ. ಯಾರಾದರೂ ತೀರ ಕುಗ್ಗಿದ್ದು ಕಂಡರೆ ಕಲೆಯ ಮೇಲೆ ಭಾರ ಹಾಕದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನೆ: ನಾನು ತಿತಿಮತಿ ಕಡೆಯ ಆದಿವಾಸಿ ಹಾಡಿಯವಳು, ಪದವಿ ಓದುತ್ತಿದ್ದೇನೆ. ಬುಡಕಟ್ಟು ಕಲೆ ಎಂದು ನಮ್ಮವರನ್ನು ಕಾರ್ಯಕ್ರಮಗಳಿಗೆ ಕರೆಯುತ್ತಾರೆ. ಒಂದು ಕಡೆ ಎಲೆಯ ಲಂಗ ಕಟ್ಟಿಕೊಂಡು ಕುಂಡೆ ಹಬ್ಬದ ಕುಣಿತ ಮಾಡಿರಿ ಎಂದರು; ಅದು ನಮ್ಮ ಉಡುಪೇ ಅಲ್ಲ. ಇನ್ನೊಂದು ಕಡೆ ಅದೇ ಹಬ್ಬವನ್ನು ಅಶ್ಲೀಲವೆಂದು ಹಳಿಯುತ್ತಾರೆ. ಇದು ಕಲೆಯೋ, ನಾಚಿಕೆಯ ವಿಷಯವೋ?

ಉತ್ತರ: ಹೊರಗಿನ ಓದುಗರಿಗಾಗಿ ಎರಡು ಮಾತು ಹೇಳಿ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕುಂಡೆ ಹಬ್ಬ ಅಥವಾ ಬೇಡು ಹಬ್ಬ ಮೇ ತಿಂಗಳಿನಲ್ಲಿ ದೇವರಪುರದಲ್ಲಿ ನಡೆಯುತ್ತದೆ. ಜೇನು ಕುರುಬರು, ಯರವರು ಮೊದಲಾದವರು ಚಿತ್ರವಿಚಿತ್ರ ವೇಷ ಹಾಕಿ, ಗಂಡಸರು ಹೆಣ್ಣುವೇಷ ತೊಟ್ಟು, ಸೋರೆ ಬುರುಡೆ, ಡಬ್ಬ ಕೈಗೆ ಸಿಕ್ಕಿದ್ದನ್ನು ಬಡಿಯುತ್ತ, ಅಂಗಡಿ, ರಸ್ತೆ, ತೋಟಗಳಲ್ಲಿ ಎದುರಾದವರನ್ನೆಲ್ಲ ಬೈದು ಹಣ ಬೇಡಿ, ಕೊನೆಗೆ ದೇವಸ್ಥಾನಕ್ಕೆ ಬಂದು ಕಾಣಿಕೆ ಒಪ್ಪಿಸುತ್ತಾರೆ. ಬೈಗುಳ ದೇವರಿಗೂ ಸಲ್ಲುತ್ತದೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯನ್ನು ಕಂಡು ಮೋಹಗೊಂಡು ತಮ್ಮನ್ನು ನಡುಕಾಡಿನಲ್ಲಿ ಬಿಟ್ಟು ಹೋದ ಎಂಬುದು ಈ ಹಬ್ಬದ ಹಿಂದಿರುವ ಕಥೆ.

ವರ್ಷವಿಡೀ ಧಣಿಯ ಮುಂದೆ ತಲೆ ತಗ್ಗಿಸಿ ನಿಲ್ಲುವವರು ಅದೇ ಧಣಿಯನ್ನು ನಡುರಸ್ತೆಯಲ್ಲಿ ಬೈದು, ಬೈಸಿಕೊಂಡವನು ನಗುತ್ತ ಹಣ ಕೊಡಬೇಕಾದ ದಿನ ಇದು. ಅನ್ಯಾಯದ ವಿರುದ್ಧ ಕಲೆ ಹೇಗಿರಬೇಕೆಂದು ಜಗತ್ತಿನ ರಂಗತಜ್ಞರು ಗ್ರಂಥಗಳಲ್ಲಿ ಚರ್ಚಿಸುವುದನ್ನು ನಿಮ್ಮ ಹಿರಿಯರು ಒಂದು ಮೋಸದ ಕಥೆ, ಒಂದು ಡಬ್ಬ, ಒಂದು ಹಳೆಯ ಸೀರೆ ಇಟ್ಟುಕೊಂಡು ಮಾಡಿ ತೋರಿಸಿದ್ದಾರೆ. ಆದ್ದರಿಂದ ಅದು ಕಲೆಯೇ, ಮತ್ತು ಅದರ ಬೈಗುಳವೂ ಕಲೆಯ ಭಾಗವೇ. ಬೈಗುಳ ತೆಗೆದು, ಎದುರಿಗೆ ಮುಖ್ಯ ಅತಿಥಿಯನ್ನು ಕೂರಿಸಿ, ಎಲೆಯ ಲಂಗ ತೊಡಿಸಿ ಹತ್ತು ನಿಮಿಷ ಕುಣಿಸಿದರೆ ಬೈಸಿಕೊಳ್ಳಬೇಕಾದವನು ಚಪ್ಪಾಳೆ ತಟ್ಟುವವನಾಗಿಬಿಡುತ್ತಾನೆ. ನಾಚಿಕೆಪಡಬೇಕಾದವರು ಹಾಗೆ ಕುಣಿಸಿದವರು.

ಕರೆ ಬಂದಾಗ ಬರುವುದಿಲ್ಲವೆನ್ನುವ ಹಕ್ಕು ನಿಮಗಿದೆ. ಹೋಗುವುದಾದರೆ ಉಡುಪು, ಹಾಡು, ಭಾಷೆ ನಿಮ್ಮದೇ ಆಗಿರಲಿ; ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಿ, ಆ ದಿನದ ಕೂಲಿ ತಪ್ಪುವುದನ್ನು ಲೆಕ್ಕಕ್ಕೆ ಹಿಡಿಯಿರಿ; ತೆಗೆದ ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಜೋಗತಿ ಕಲೆಯನ್ನು ಮಂಜಮ್ಮ ಜೋಗತಿಯವರು ರಂಗಕ್ಕೆ ತಂದರು, ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೀದಿಯಲ್ಲಿ ಅವಮಾನ ಉಂಡ ಕಲೆ ರಂಗದ ಮೇಲೆ ಗೌರವ ಪಡೆದದ್ದು ಅದನ್ನು ಬದುಕಿದವರೇ ಅದರ ಯಜಮಾನಿಕೆಯನ್ನು ಉಳಿಸಿಕೊಂಡದ್ದರಿಂದ. ಒಂದು ಮಾತನ್ನು ಮೆಲ್ಲಗೆ ಸೇರಿಸುತ್ತೇನೆ: ಕುಂಡೆ ಹಬ್ಬದಲ್ಲಿ ಹೆಣ್ಣುವೇಷ ಗಂಡಸರದು. ಹಾಡಿಯ ಹೆಣ್ಣುಮಕ್ಕಳು ಯಾರನ್ನು ಬೈಯಬಯಸುತ್ತಾರೆ ಎಂಬುದನ್ನು ನೀವು ಮತ್ತು ನಿಮ್ಮ ಗೆಳತಿಯರು ಸೇರಿ ಹಾಡು ಕಟ್ಟಿದರೆ ಅದನ್ನು ಕೇಳಲು ನಾನಂತೂ ಬರುತ್ತೇನೆ, ನನಗೂ ಒಂದಿಷ್ಟು ಬೈಗುಳ ಸಿಕ್ಕರೆ ಸಿಗಲಿ.

ಪ್ರಶ್ನೆ: ಇದೆಲ್ಲ ಕೇಳಲು ಚೆನ್ನಾಗಿದೆ. ನಾಟಕ ಆಡಿದರೆ ಹಕ್ಕುಪತ್ರ ಬರುತ್ತದೆಯೇ? (ನಿವೃತ್ತ ಬ್ಯಾಂಕ್ ನೌಕರರು, ವಿರಾಜಪೇಟೆ)

ಉತ್ತರ: ಬರುವುದಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ, ಅವರಿಗೆ ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ದೊರೆತದ್ದು ತಿಂಗಳುಗಟ್ಟಲೆಯ ಹೋರಾಟದಿಂದ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯನ್ನು ಅರ್ಜಿಯಾಗಿಯೇ ಬರೆಯಬೇಕು, ಹಾಡಾಗಿ ಅಲ್ಲ. ನಮ್ಮ ಗಡಿಯಾಚೆ ಕಣ್ಣೂರಿನ ಕಡೆಯ ಪೊಟ್ಟನ್ ತೆಯ್ಯಂ ಎಂಬ ದೈವದ ಕುಣಿತದಲ್ಲಿ ದೈವ ಅಸ್ಪೃಶ್ಯನೆನಿಸಿದ ಪುಲಯನ ರೂಪದಲ್ಲಿ ಬಂದು ಶಂಕರಾಚಾರ್ಯರನ್ನೇ ತಡೆದು ಜಾತಿಯ ಅರ್ಥವೇನೆಂದು ಕೇಳುತ್ತದೆ. ಮೇಲ್ಜಾತಿಯವರು ಕೈಮುಗಿದು ಕೇಳಿಸಿಕೊಳ್ಳುತ್ತಾರೆ. ಆದರೂ ಬಣ್ಣ ಒರೆಸಿದ ಮರುದಿನ ವೇಷ ಕಟ್ಟಿದವನ ಪಾಡು ಮೊದಲಿನಂತೆಯೇ ಉಳಿದ ಕಾಲ ದೀರ್ಘವಾದದ್ದು. ಕಲೆಯ ಮಿತಿಯನ್ನು ನಿಮಗಿಂತ ಕಟುವಾಗಿ ಆ ಕಲಾವಿದರು ಬಲ್ಲರು.

ಹಾಗಾದರೆ ಯಾಕೆ ಆಡಬೇಕು? ಪೆರು ದೇಶದಲ್ಲಿ ಆಂತರಿಕ ಯುದ್ಧದಲ್ಲಿ ಸತ್ತವರ, ಕಾಣೆಯಾದವರ ವಿಚಾರಣೆಗಾಗಿ 2001ರಲ್ಲಿ ಸತ್ಯಶೋಧನಾ ಆಯೋಗ ರಚನೆಯಾಯಿತು. ವರ್ಷಗಟ್ಟಲೆ ಬಾಯಿ ಬಿಡದೆ ಬದುಕಿದ್ದ ಹಳ್ಳಿಗರು ಸಾಕ್ಷಿ ಹೇಳಲು ಹೆದರುತ್ತಿದ್ದರು. ಯುಯಾಚ್ಕಾನಿ ಎಂಬ ನಾಟಕ ತಂಡ (ಕೆಚುವಾ ಭಾಷೆಯಲ್ಲಿ ಅದರ ಅರ್ಥ ‘ಯೋಚಿಸುತ್ತಿದ್ದೇನೆ, ನೆನೆಯುತ್ತಿದ್ದೇನೆ’ ಎಂದು) ವಿಚಾರಣೆ ನಡೆಯುವ ಊರುಗಳಿಗೆ ಹೋಗಿ, ಸಂತೆಯಲ್ಲಿ, ಚೌಕದಲ್ಲಿ ಆಡಿತು. ಸಾಕ್ಷ್ಯವನ್ನು ಜನರೇ ಆಯೋಗದ ಮುಂದೆ ಹೇಳಿದರು. ಹೇಳಬಹುದು ಎಂಬ ವಾತಾವರಣವನ್ನು ಮೂಡಿಸುವುದರಲ್ಲಿ ನಾಟಕದವರ ಪಾಲಿತ್ತು. ಪಶ್ಚಿಮ ಬಂಗಾಳದ ಸುಂದರಬನದಲ್ಲಿ 1985ರಲ್ಲಿ ಹುಟ್ಟಿದ ಜನ ಸಂಸ್ಕೃತಿ ಎಂಬ ತಂಡ ಕೂಲಿಕಾರರನ್ನೇ ನಟರನ್ನಾಗಿಸಿ, ಅದೇ ಊರುಗಳಿಗೆ ಮತ್ತೆ ಮತ್ತೆ ಹೋಗಿ ಬೋಲ್ ಅವರ ಕ್ರಮದಲ್ಲಿ ಆಡುತ್ತ ಬಂದಿದೆ. ‘ಮತ್ತೆ ಮತ್ತೆ’ ಎಂಬುದನ್ನು ಗಮನಿಸಿರಿ. ಒಂದು ಸಂಜೆ ಆಡಿ ಛಾಯಾಚಿತ್ರ ತೆಗೆಸಿಕೊಂಡು ಹೋದವರಿಂದ ಏನೂ ಆಗುವುದಿಲ್ಲ ಎಂಬ ನಿಮ್ಮ ಸಂಶಯ ಪೂರ್ತಿ ಸರಿ. ಆರೋಗ್ಯದ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆಯಲ್ಲಿ ತೊಡಗುವುದರಿಂದ ದೇಹ, ಮನಸ್ಸುಗಳಿಗೆ ಉಪಯೋಗವಿದೆ ಎಂದು ಹೇಳಿದೆ. ಅಧ್ಯಯನಗಳ ಗುಣಮಟ್ಟ ಏರುಪೇರಾಗಿದೆ ಎಂಬುದೂ ಅಲ್ಲಿಯೇ ಇದೆ. ಬ್ಯಾಂಕಿನಲ್ಲಿದ್ದವರು ಸಣ್ಣ ಅಕ್ಷರಗಳನ್ನೂ ಓದುತ್ತೀರಿ ಎಂದು ಇದನ್ನೂ ಬರೆದೆ.

ಪ್ರಶ್ನೆ: ನಮ್ಮ ಊರಿನ ಹಬ್ಬದ ಬಯಲಾದ ಮಂದ್‌ನಲ್ಲಿ ಇಂಥದೊಂದು ಪ್ರದರ್ಶನ ಮಾಡಲು ಎಷ್ಟು ಖರ್ಚಾದೀತು, ಯಾರನ್ನು ಕೇಳಬೇಕು? (ಪೊನ್ನಂಪೇಟೆ ತಾಲ್ಲೂಕಿನ ಯುವಕ)

ಉತ್ತರ: ಮೈಕು, ಶಾಮಿಯಾನ, ಹಾರ–ಶಾಲುಗಳನ್ನು ಬಿಟ್ಟರೆ ಖರ್ಚು ಚಹಾ ಮತ್ತು ಊಟದ್ದಷ್ಟೇ. ನೂರು ಮಂದಿಗಿಂತ ಹೆಚ್ಚು ಸೇರಿಸಬೇಡಿ. ಬರಿಯ ಧ್ವನಿ ಕೇಳಿಸುವಷ್ಟು ಹತ್ತಿರ ಕುಳಿತಿರಲಿ. ಮಂದ್‌ನಲ್ಲಿ ಮಾಡುವುದಾದರೆ ಊರಿನ ತಕ್ಕರನ್ನು (ಮುಖ್ಯಸ್ಥರನ್ನು) ಮೊದಲು ಕೇಳಿರಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ನಮ್ಮ ಹಬ್ಬಗಳಲ್ಲಿ ಪರೆ ಬಡಿಯುತ್ತ ಬಂದ ಮೇದರು, ತೋಟಗಳಲ್ಲಿ ದುಡಿಯುವ ಯರವರು ಆ ಹುಲ್ಲಿನ ಮೇಲೆ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನು ಅವರನ್ನೇ ಕೇಳಿ ನಿಶ್ಚಯಿಸಿರಿ. ಮಂದ್‌ಗೆ ಬರಲು ಅವರಿಗೆ ಮನಸ್ಸಿಲ್ಲವೆಂದಾದರೆ ಪ್ರದರ್ಶನವನ್ನು ಲೈನ್ ಮನೆಯ ಅಂಗಳಕ್ಕೆ ಒಯ್ಯಿರಿ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ 6ಕ್ಕೆ ಮೊದಲು ಅವರಿಗೆ ಬಿಡುವಿರುವುದಿಲ್ಲ, ಆದ್ದರಿಂದ ಭಾನುವಾರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆನೆ ಓಡಾಡುವ ಕಡೆಯಾದರೆ ಕತ್ತಲಾಗುವ ಮುನ್ನ ಮುಗಿಸಿ, ದೂರದಿಂದ ಬಂದವರನ್ನು ಜೀಪಿನಲ್ಲಿ ಮನೆ ಮುಟ್ಟಿಸುವ ವ್ಯವಸ್ಥೆ ಮಾಡಿಕೊಳ್ಳಿರಿ.